ಮಾರಿಷಸ್ ಪ್ರವಾಸ: ದಸರಾ ರಜೆಯೋ ಬೇಸಿಗೆ ರಜೆಯೋ, ಪೂರ್ವ ತೀರವೋ ಪಶ್ಚಿಮ ತೀರವೋ?

ಕುಕ್ಕರಹಳ್ಳಿ ದಂಡೆ

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಮಗಳು, ಅತ್ತೆ ಮತ್ತು ಮಾವ, ಹೀಗೆ ಐವರು ಮಾರಿಷಸ್‌ಗೆ ಹೋಗಿಬರಬೇಕೆಂದು ನಿಶ್ಚಯಿಸಿದ್ದೇವೆ. ಮಗಳ ಶಾಲೆಯ ರಜೆಯನ್ನು ನೋಡಿಕೊಂಡು ಹೊರಡಬೇಕಾದ್ದರಿಂದ ಒಂದೋ ದಸರಾ ರಜೆ, ಇಲ್ಲವೇ ಏಪ್ರಿಲ್–ಮೇ ತಿಂಗಳ ರಜೆ, ಬೇರೆ ದಾರಿಯಿಲ್ಲ. ಊರಿನ ಪ್ರವಾಸ ಏಜೆನ್ಸಿಯೊಂದು ಆರು ರಾತ್ರಿಗಳ ಪ್ಯಾಕೇಜ್ ಕೊಟ್ಟಿದೆ. ಅದರಲ್ಲಿ ಪೂರ್ವ ತೀರದ ಬೆಲ್ ಮಾರ್ ಎಂಬಲ್ಲಿ ದೊಡ್ಡ ರೆಸಾರ್ಟ್, ಬೆಳಗಿನ ಮತ್ತು ರಾತ್ರಿಯ ಊಟ, ಒಂದು ದಿನ "ಉತ್ತರ ಭಾಗದ ಪ್ರವಾಸ", ಒಂದು ದಿನ "ದಕ್ಷಿಣ ಭಾಗದ ಪ್ರವಾಸ", ಇನ್ನೊಂದು ದಿನ ಇಲ್ ಓ ಸೆರ್ಫ್ ದ್ವೀಪ ಸೇರಿವೆ. ಬೆಲೆ ನೋಡಿ ಯಜಮಾನರು ಒಂದು ಕ್ಷಣ ಸುಮ್ಮನಾದರು.

ಅತ್ತೆಯವರಿಗೆ ಮಂಡಿನೋವು ಇದೆ, ಮೆಟ್ಟಿಲು ಹತ್ತುವುದು ಕಷ್ಟ. ಅವರು ಮೊಟ್ಟೆಯನ್ನೂ ಮುಟ್ಟುವವರಲ್ಲ. ಮಾವನವರಿಗೆ ಅಲ್ಲಿನ ಹಿಂದೂಗಳ ಪವಿತ್ರ ಕೆರೆ ಗಂಗಾ ತಲಾಬ್ ನೋಡಬೇಕೆಂಬ ಆಸೆ ಬಹಳ ಹಿಂದಿನದು. ಮಗಳಿಗೆ ಸಮುದ್ರ ಮತ್ತು ಆಮೆ, ಇವೆರಡಿದ್ದರೆ ಸಾಕು. ತಿಂಗಳು, ತಂಗುವ ಜಾಗ, ಊಟ, ಓಡಾಟ, ಈ ನಾಲ್ಕು ವಿಷಯಗಳಲ್ಲಿ ತಿಳಿದವರು ಮಾರ್ಗದರ್ಶನ ಮಾಡಿದರೆ ಉಪಕಾರವಾಗುತ್ತದೆ.

ಆಗ್ನೇಯ ಗಾಳಿ

ಮೇಡಂ, ಬೇರೆಲ್ಲಕ್ಕಿಂತ ಮೊದಲು ಗಾಳಿಯ ವಿಚಾರ ಹೇಳುತ್ತೇನೆ, ಏಕೆಂದರೆ ಪ್ಯಾಕೇಜ್ ಮಾರುವವರು ಇದನ್ನು ಹೇಳುವುದಿಲ್ಲ. ಮಾರಿಷಸ್ ದಕ್ಷಿಣ ಗೋಳಾರ್ಧದಲ್ಲಿದೆ. ನಮ್ಮಲ್ಲಿ ಬೇಸಿಗೆಯಾದಾಗ ಅಲ್ಲಿ ಚಳಿಗಾಲಕ್ಕೆ ಕಾಲಿಡುವ ಹೊತ್ತು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸೆಕೆ, ತೇವ ಮತ್ತು ಮಳೆ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ತಂಪು ಮತ್ತು ಒಣ ಹವೆ. ಈ ತಂಪಿನ ತಿಂಗಳುಗಳಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಆಗ್ನೇಯ ದಿಕ್ಕಿನಿಂದ ಬೀಸುವ ವಾಣಿಜ್ಯ ಮಾರುತ ಪೂರ್ವ ಮತ್ತು ದಕ್ಷಿಣ ತೀರಗಳಿಗೆ ನೇರವಾಗಿ ಬಡಿಯುತ್ತದೆ. ಬೆಲ್ ಮಾರ್‌ನ ಮರಳು ಚೆನ್ನ, ನೀರಿನ ಬಣ್ಣವೂ ಚೆನ್ನ, ಆದರೆ ಆ ಗಾಳಿಯಲ್ಲಿ ಹಿರಿಯರು ದಡದಲ್ಲಿ ಅರ್ಧ ಗಂಟೆ ಕುಳಿತರೆ ಶಾಲು ಬೇಡುತ್ತಾರೆ. ದ್ವೀಪದ ನಡುವಿನ ಪ್ರಸ್ಥಭೂಮಿ ಮತ್ತು ಬೆಟ್ಟಗಳು ಗಾಳಿಯನ್ನು ತಡೆಯುವುದರಿಂದ ಪಶ್ಚಿಮ ಮತ್ತು ವಾಯವ್ಯ ತೀರಗಳಲ್ಲಿ, ಅಂದರೆ ಫ್ಲಿಕ್ ಆಂ ಫ್ಲಾಕ್, ತ್ರೂ ಓ ಬಿಶ್, ಮೋಂ ಶ್ವಾಸಿ ಕಡೆಗಳಲ್ಲಿ, ಅದೇ ದಿನ ನೀರು ಅಲುಗಾಡದೆ ನಿಂತಿರುತ್ತದೆ. ಮಳೆಯೂ ಅಲ್ಲಿ ಕಡಿಮೆ. ನಮ್ಮ ಘಟ್ಟದ ಈಚೆಗೂ ಆಚೆಗೂ ಮಳೆಯಲ್ಲಿ ಎಷ್ಟು ವ್ಯತ್ಯಾಸವಿದೆಯೆಂದು ಬಲ್ಲ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈಗ ತಿಂಗಳ ಪ್ರಶ್ನೆ. ಅಕ್ಟೋಬರ್ ಅಲ್ಲಿನ ಅತ್ಯಂತ ಒಣ ತಿಂಗಳುಗಳಲ್ಲಿ ಒಂದು. ಗಾಳಿ ಇಳಿಮುಖವಾಗಿರುತ್ತದೆ, ಹಗಲು ಹಿತವಾದ ಬಿಸಿಲು, ಸಮುದ್ರದ ನೀರು ಆಗಸ್ಟ್‌ನ ಚಳಿಯಿಂದ ಚೇತರಿಸಿಕೊಳ್ಳುತ್ತಿರುತ್ತದೆ. ಏಪ್ರಿಲ್ ಕೊನೆ ಮತ್ತು ಮೇ ತಿಂಗಳೂ ಒಳ್ಳೆಯದೇ; ಬೇಸಿಗೆಯ ಬಿಸಿ ನೀರಿನಲ್ಲಿ ಇನ್ನೂ ಉಳಿದಿರುವುದರಿಂದ ಮಕ್ಕಳಿಗೆ ಈಜಲು ಅದು ಹೆಚ್ಚು ಸುಖ. ಆದರೆ ಏಪ್ರಿಲ್ ಮೊದಲ ವಾರಗಳಲ್ಲಿ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿ ಎಂದರೆ ನಾನು ಅಕ್ಟೋಬರ್ ಎನ್ನುತ್ತೇನೆ. ದಸರೆಯಲ್ಲಿ ಮೈಸೂರಿನವರು ಮೈಸೂರು ಬಿಟ್ಟು ಹೊರಡುವುದು ನೆಂಟರಿಷ್ಟರಿಗೆ ಹೇಗೆ ಕಾಣುತ್ತದೋ, ಅದನ್ನು ನೀವೇ ನಿಭಾಯಿಸಿಕೊಳ್ಳಬೇಕು.

ಡಿಸೆಂಬರ್ ಅಥವಾ ಅದರ ಮುಂದಿನ ತಿಂಗಳುಗಳ ಯೋಚನೆ ಯಾರಿಗಾದರೂ ಇದ್ದರೆ ಇನ್ನೊಂದು ಮಾತು. ಜನವರಿಯಿಂದ ಮಾರ್ಚ್‌ವರೆಗೆ ಚಂಡಮಾರುತದ ಭಯ ಹೆಚ್ಚು. ಅಲ್ಲಿನ ಹವಾಮಾನ ಇಲಾಖೆ ಒಂದರಿಂದ ನಾಲ್ಕರವರೆಗೆ ಎಚ್ಚರಿಕೆಯ ದರ್ಜೆಗಳನ್ನು ಘೋಷಿಸುತ್ತದೆ. ಮೂರನೆಯ ದರ್ಜೆ ಬಂತೆಂದರೆ ಬಸ್ಸು, ಅಂಗಡಿ, ಕಚೇರಿ ಎಲ್ಲವೂ ನಿಂತು ಜನ ಮನೆಯೊಳಗೆ ಸೇರಿಬಿಡುತ್ತಾರೆ. 2024ರ ಜನವರಿಯಲ್ಲಿ ಬೆಲಾಲ್ ಚಂಡಮಾರುತ ಬಂದಾಗ ರಾಜಧಾನಿ ಪೋರ್ಟ್ ಲೂಯಿಯ ಬೀದಿಗಳಲ್ಲಿ ಕಾರುಗಳು ತೇಲಿದ್ದವು. ಹಾಗೆಂದು ಪ್ರತಿವರ್ಷವೂ ಹೀಗೆಯೇ ಆಗುತ್ತದೆಂದಲ್ಲ, ಆದರೆ ಆರು ದಿನಗಳ ರಜೆಯಲ್ಲಿ ಎರಡು ದಿನ ಕೋಣೆಯೊಳಗೆ ಕೂರುವ ಸಾಧ್ಯತೆಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಎಬೆನ್ ನಿವಾಸಿ

ನಾನು ಕೆಲಸದ ನಿಮಿತ್ತ ಇಲ್ಲಿ ಮಾರಿಷಸ್‌ನ ಎಬೆನ್‌ನಲ್ಲಿ ನೆಲೆಸಿದ್ದೇನೆ. ಗಾಳಿಯ ಬಗ್ಗೆ ಮೇಲಿನವರು ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಅದರ ಜೊತೆಗೆ ದೂರದ ಲೆಕ್ಕವನ್ನೂ ಹಾಕಬೇಕು. ದ್ವೀಪ ಉತ್ತರದಿಂದ ದಕ್ಷಿಣಕ್ಕೆ ಸುಮಾರು 65 ಕಿಲೋಮೀಟರ್, ಪೂರ್ವದಿಂದ ಪಶ್ಚಿಮಕ್ಕೆ 45 ಕಿಲೋಮೀಟರ್. ನಕ್ಷೆಯಲ್ಲಿ ನೋಡಿದವರಿಗೆ "ಎಲ್ಲಿದ್ದರೇನು, ಒಂದು ಗಂಟೆಯಲ್ಲಿ ಎಲ್ಲಿಗಾದರೂ ಹೋಗಬಹುದು" ಎನಿಸುತ್ತದೆ. ಆದರೆ ಬೆಳಗ್ಗೆ ಮತ್ತು ಸಂಜೆ ಪೋರ್ಟ್ ಲೂಯಿಯ ಸುತ್ತಮುತ್ತ ವಾಹನ ದಟ್ಟಣೆ ಬೆಂಗಳೂರಿನವರನ್ನೂ ನಿಟ್ಟುಸಿರು ಬಿಡಿಸುತ್ತದೆ. ವಿಮಾನ ನಿಲ್ದಾಣ ಆಗ್ನೇಯ ಮೂಲೆಯಲ್ಲಿದೆ, ಗ್ರಾಂ ಬೇ ಉತ್ತರದ ತುದಿಯಲ್ಲಿದೆ; ರಾತ್ರಿಯೆಲ್ಲ ನಿದ್ದೆಗೆಟ್ಟು ಇಳಿದ ಹಿರಿಯರಿಗೆ ಆ ಪ್ರಯಾಣ ಸಣ್ಣದೇನಲ್ಲ.

ನನ್ನ ಸಲಹೆ ಹೀಗಿದೆ. ಆರು ರಾತ್ರಿಗಳನ್ನು ಎರಡು ಕಡೆ ಹಂಚಿಕೊಳ್ಳಿ. ಮೊದಲ ನಾಲ್ಕು ರಾತ್ರಿ ಪಶ್ಚಿಮ ಅಥವಾ ವಾಯವ್ಯ ತೀರದಲ್ಲಿ ಅಡುಗೆಮನೆಯುಳ್ಳ ಅಪಾರ್ಟ್‌ಮೆಂಟ್, ಕೊನೆಯ ಎರಡು ರಾತ್ರಿ ವಿಮಾನ ನಿಲ್ದಾಣಕ್ಕೆ ಹತ್ತಿರದ ಮಾಯೆಬೂರ್–ಬ್ಲೂ ಬೇ ಕಡೆ. ಅಡುಗೆಮನೆ ಏಕೆಂದರೆ, ರೆಸಾರ್ಟಿನ ಬಫೆ ಊಟದಲ್ಲಿ ಸಸ್ಯಾಹಾರಿಗಳಿಗೆ ಏನೂ ಸಿಗುವುದಿಲ್ಲವೆಂದಲ್ಲ. ಆದರೆ ಅತ್ತೆಯವರಂತಹವರು ಎರಡನೆಯ ದಿನದಿಂದ ಬರೀ ಬ್ರೆಡ್ಡು ಹಣ್ಣಿನಲ್ಲಿ ಕಾಲ ತಳ್ಳುವುದನ್ನು ನಾನು ಇಲ್ಲಿಗೆ ಬಂದ ಅನೇಕ ಕುಟುಂಬಗಳಲ್ಲಿ ನೋಡಿದ್ದೇನೆ. ಸೂಪರ್‌ಮಾರ್ಕೆಟ್‌ಗಳಲ್ಲಿ ಅಕ್ಕಿ, ಬೇಳೆ, ಮೊಸರು, ಸಾಸಿವೆ, ಅರಿಶಿನ ಎಲ್ಲವೂ ದೊರೆಯುತ್ತವೆ. ಸಂತೆಗಳಲ್ಲಿ ಬೆಂಡೆ, ಹೀರೆ, ಹಾಗಲ, ನುಗ್ಗೆಸೊಪ್ಪು, ಕರಿಬೇವು ರಾಶಿ ಬಿದ್ದಿರುತ್ತವೆ. ಮಾಯೆಬೂರಿನ ಸೋಮವಾರದ ಸಂತೆಗೆ ಅತ್ತೆಯವರನ್ನು ಕರೆದೊಯ್ಯಿರಿ, ಅವರಿಗೆ ಪರದೇಶಕ್ಕೆ ಬಂದ ಭಾವನೆಯೇ ಅರ್ಧ ಹೋಗುತ್ತದೆ.

ಹೊರಗಿನ ತಿಂಡಿಯಲ್ಲಿ ಧಾಲ್ ಪೂರಿಯನ್ನು ತಪ್ಪಿಸಬೇಡಿ. ಬೇಯಿಸಿ ಪುಡಿಮಾಡಿದ ಬೇಳೆಯನ್ನು ಮೈದಾ ಹಿಟ್ಟಿನೊಳಗೆ ತುಂಬಿ, ಬಟ್ಟೆಯಷ್ಟು ತೆಳ್ಳಗೆ ಲಟ್ಟಿಸಿ, ಕಾದ ಹಂಚಿನ ಮೇಲೆ ಬೇಯಿಸುತ್ತಾರೆ. ನಮ್ಮ ಬೇಳೆ ಹೋಳಿಗೆಯಿಂದ ಬೆಲ್ಲವನ್ನು ತೆಗೆದು ಉಪ್ಪು ಹಾಕಿದರೆ ಹೇಗೋ ಹಾಗೆ. ಗಾಡಿಯವನು ಎರಡೆರಡನ್ನು ಜೋಡಿಸಿ, ಒಂದು ಸೌಟು ದಪ್ಪ ಬೀನ್ಸಿನ ಸಾರು, ಒಂದು ಚಮಚ ಟೊಮೆಟೊ ಗೊಜ್ಜು, ಸ್ವಲ್ಪ ಹಸಿಮೆಣಸಿನ ಚಟ್ನಿ ಸವರಿ, ಸುರುಳಿ ಸುತ್ತಿ ಕಾಗದದಲ್ಲಿ ಕೊಡುತ್ತಾನೆ. ನಿಂತಲ್ಲೇ ತಿನ್ನಬೇಕು, ಮೊಣಕೈವರೆಗೆ ರಸ ಇಳಿಯುತ್ತದೆ. ಗಾತೋ ಪಿಮಾ ಎಂಬುದು ನಮ್ಮ ಮಸಾಲೆ ವಡೆಯ ಪುಟ್ಟ ರೂಪ. ಕಾಮಕಸ್ತೂರಿ ಬೀಜ ಹಾಕಿದ ಆಲೂದಾ ಎಂಬ ಹಾಲಿನ ಪಾನೀಯವನ್ನು ಪೋರ್ಟ್ ಲೂಯಿಯ ಕೇಂದ್ರ ಮಾರುಕಟ್ಟೆಯಲ್ಲಿ ಕುಡಿಯಿರಿ, ಆದರೆ ಅದರಲ್ಲಿ ಕಡಲಪಾಚಿಯ ಅಗರ್ ಬಳಸಿದ್ದಾರೆಯೇ ಪ್ರಾಣಿಜನ್ಯ ಜೆಲಟಿನ್ ಬಳಸಿದ್ದಾರೆಯೇ ಎಂದು ಕೇಳಿಕೊಳ್ಳಿ. ಟೊಮೆಟೊ ಗೊಜ್ಜಿಗೆ ಕೆಲವೊಮ್ಮೆ ಉಪ್ಪು ಮೀನು ಬೆರೆಸುವುದುಂಟು, ಹುರಿದ ನೂಡಲ್ಸ್‌ಗೆ ಮೀನಿನ ಸಾಸ್ ಬೀಳುವುದುಂಟು. ಆದ್ದರಿಂದ ಪ್ರತಿಸಲ ವಿಚಾರಿಸುವುದು ಕ್ಷೇಮ.

ಕುಕ್ಕರಹಳ್ಳಿ ದಂಡೆ

ಇಷ್ಟು ವಿವರವಾಗಿ ಬರೆದದ್ದಕ್ಕೆ ಇಬ್ಬರಿಗೂ ಧನ್ಯವಾದಗಳು. ಗಾಳಿಯ ವಿಷಯ ಏಜೆನ್ಸಿಯವರಿಗೆ ಹೇಳಿದಾಗ "ಮಾರಿಷಸ್‌ನಲ್ಲಿ ಎಲ್ಲ ತೀರವೂ ಒಂದೇ ಮೇಡಂ" ಎಂಬ ಉತ್ತರ ಬಂತು. ಹಾಗಾಗಿ ಪ್ಯಾಕೇಜ್ ಕೈಬಿಟ್ಟು ನಾವೇ ಯೋಜಿಸುವುದೆಂದು ತೀರ್ಮಾನಿಸಿದೆವು. ಈಗ ಓಡಾಟ ಮತ್ತು ಹಣದ ವಿಷಯ. ಯಜಮಾನರಿಗೆ ಕಾರು ತಾವೇ ಓಡಿಸಬೇಕೆಂಬ ಉತ್ಸಾಹ. ಮಾವನವರದು ಬೇಡವೆಂಬ ಹಟ.

ಹಳೆ ಸ್ಟೀರಿಂಗ್

ಅಲ್ಲಿಯೂ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಓಡಿಸುತ್ತಾರೆ, ಸ್ಟೀರಿಂಗ್ ಬಲಕ್ಕೆ. ಆದ್ದರಿಂದ ನಿಮ್ಮ ಯಜಮಾನರ ಉತ್ಸಾಹದಲ್ಲಿ ತಪ್ಪಿಲ್ಲ. ಪರವಾನಗಿಯ ಜೊತೆಗೆ ಆರ್‌ಟಿಒದಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಂಡರೆ ಬಾಡಿಗೆ ಕಂಪನಿಯ ಮುಂದೆ ವಾದ ಮಾಡುವ ಪ್ರಸಂಗ ಬರುವುದಿಲ್ಲ. ಅಲ್ಲಿನ ವೃತ್ತಗಳಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಟ್ಟೇ ಬಿಡಬೇಕು. ನಮ್ಮಲ್ಲಿ ಮೂತಿ ತೂರಿಸಿದವನಿಗೆ ದಾರಿ ಎಂಬ ಅಭ್ಯಾಸವನ್ನು ವಿಮಾನದಲ್ಲೇ ಬಿಟ್ಟಿಳಿಯುವುದು ಒಳಿತು. ಹಳ್ಳಿಯ ರಸ್ತೆಗಳು ಕಿರಿದು, ಪಕ್ಕದಲ್ಲಿ ಪಾದಚಾರಿ ಮಾರ್ಗವಿಲ್ಲ, ಕಬ್ಬು ಕಟಾವಿಗೆ ಮುಂಚೆ ಆಳೆತ್ತರ ಬೆಳೆದು ತಿರುವಿನಲ್ಲಿ ಎದುರಿನ ವಾಹನವೇ ಕಾಣುವುದಿಲ್ಲ. ಕತ್ತಲಾದ ಮೇಲೆ ಶಾಮಾರೆಲ್‌ನ ಬೆಟ್ಟದ ರಸ್ತೆಯನ್ನು ಇಳಿಯುವ ಯೋಜನೆ ಹಾಕಿಕೊಳ್ಳಬೇಡಿ.

ಐದು ಜನರಿಗೆ ಲಗೇಜು ಸಮೇತ ಸಣ್ಣ ಕಾರು ಸಾಲದು. ನನ್ನ ದೃಷ್ಟಿಯಲ್ಲಿ, ದೂರದ ಎರಡು ದಿನಗಳಿಗೆ ಚಾಲಕನ ಸಮೇತ ವ್ಯಾನ್ ಗೊತ್ತುಮಾಡಿ, ಉಳಿದ ದಿನ ತೀರದಲ್ಲೇ ಇದ್ದುಬಿಡುವುದು ಲೇಸು. ಟ್ಯಾಕ್ಸಿಗಳು ಮೀಟರ್ ಹಾಕುವುದು ಅಪರೂಪ. ದರವನ್ನು, ಎಷ್ಟು ಗಂಟೆಗೆ ಎಂಬುದನ್ನು, ಮಧ್ಯೆ ಎಲ್ಲೆಲ್ಲಿ ನಿಲ್ಲಿಸಬೇಕೆಂಬುದನ್ನು ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ. "ನನಗೆ ಗೊತ್ತಿರುವ ಅಂಗಡಿ" ಎಂದು ಹಡಗಿನ ಮಾದರಿ ಮಾರುವ ಮಳಿಗೆಗೆ ಕರೆದೊಯ್ಯುವ ಪದ್ಧತಿ ಅಲ್ಲಿಯೂ ಇದೆ. ಬೇಡವೆಂದು ನಗುತ್ತಲೇ ಹೇಳಬಹುದು.

ಬಸ್ಸುಗಳು ಅಗ್ಗ, ಎಲ್ಲ ಊರಿಗೂ ಇವೆ, ಆದರೆ ಸಂಜೆಯಾಗುತ್ತಿದ್ದಂತೆ ವಿರಳವಾಗುತ್ತವೆ. ಮೆಟ್ರೋ ಮಾತ್ರ ಹಿರಿಯರಿಗೆ ತುಂಬ ಅನುಕೂಲ. ನಮ್ಮ ದೇಶದ ಎಲ್ ಆ್ಯಂಡ್ ಟಿ ಕಂಪನಿ ನಿರ್ಮಿಸಿದ್ದು. ಪೋರ್ಟ್ ಲೂಯಿಯಿಂದ ಹೊರಡುವ ಮಾರ್ಗದ ಮೊದಲ ಹಂತ 2020ರಲ್ಲಿ ಆರಂಭವಾಯಿತು, 2022ರಲ್ಲಿ ಮಾರ್ಗವು ಕ್ಯೂರ್‌ಪೀಪ್ ಪಟ್ಟಣದವರೆಗೆ ಮುಟ್ಟಿತು. ಮೆಟ್ಟಿಲಿನ ಕಾಟವಿಲ್ಲದೆ ನೆಲಮಟ್ಟದಲ್ಲೇ ಹತ್ತಬಹುದು, ಸೆಕೆಯ ಪೋರ್ಟ್ ಲೂಯಿಯಿಂದ ತಂಪಾದ ಕ್ಯೂರ್‌ಪೀಪ್‌ಗೆ ಏರುವಾಗ ಕಿಟಕಿಯಲ್ಲಿ ಬೆಟ್ಟಗಳ ಸಾಲು ಕಾಣುತ್ತದೆ.

ಲೆಕ್ಕದ ಪುಸ್ತಕ

ಹಣದ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಅಲ್ಲಿಯದೂ ರೂಪಾಯಿಯೇ, ಆದರೆ ನಮ್ಮ ರೂಪಾಯಿಗಿಂತ ಬೆಲೆ ಹೆಚ್ಚು. ಮಾರುಕಟ್ಟೆಯಲ್ಲಿ "ಬರೀ ನೂರು" ಎಂದು ಅತ್ತೆಯವರು ಸಂತೋಷಪಟ್ಟರೆ ಪಕ್ಕದಲ್ಲಿ ನಿಂತು ಲೆಕ್ಕ ಒಪ್ಪಿಸಬೇಕಾಗುತ್ತದೆ. 2024ರ ಫೆಬ್ರುವರಿಯಲ್ಲಿ ಯುಪಿಐ ಮತ್ತು ರುಪೇ ಸೇವೆಗಳಿಗೆ ಅಲ್ಲಿ ಚಾಲನೆ ದೊರೆಯಿತು ನಿಜ, ಆದರೆ ಫೋನನ್ನೇ ನಂಬಿಕೊಂಡು ಹೋಗುವ ಹಂತಕ್ಕೆ ಅದು ಇನ್ನೂ ಬಂದಿಲ್ಲ. ಒಂದು ಫಾರೆಕ್ಸ್ ಕಾರ್ಡ್, ಒಂದು ಕ್ರೆಡಿಟ್ ಕಾರ್ಡ್, ಸ್ವಲ್ಪ ನಗದು, ಈ ಮೂರೂ ಇರಲಿ. ಮೌಲ್ಯವರ್ಧಿತ ತೆರಿಗೆ ಶೇಕಡಾ 15. ಕೆಲವು ಹೋಟೆಲುಗಳ ದರಪಟ್ಟಿಯಲ್ಲಿ ಅದು ಸೇರಿರುವುದಿಲ್ಲ, ಬಿಲ್ಲಿನಲ್ಲಿ ದಿಢೀರನೆ ಪ್ರತ್ಯಕ್ಷವಾಗುತ್ತದೆ.

ಖರ್ಚಿನ ಬಹುಭಾಗ ವಿಮಾನ ಟಿಕೆಟ್ಟಿಗೇ ಹೋಗುತ್ತದೆ. ಮುಂಬೈಯಿಂದ ನೇರ ವಿಮಾನವಿದೆ, ಆರು ಗಂಟೆಗಿಂತ ತುಸು ಹೆಚ್ಚಿನ ಪ್ರಯಾಣ. ಬೆಂಗಳೂರು–ಮುಂಬೈ ಮತ್ತು ಮುಂಬೈ–ಮಾರಿಷಸ್ ಟಿಕೆಟ್ಟುಗಳನ್ನು ಬೇರೆ ಬೇರೆಯಾಗಿ ತೆಗೆದುಕೊಂಡರೆ ಅಗ್ಗವಾಗಿ ಕಾಣಬಹುದು, ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಐದು ಟಿಕೆಟ್ಟಿನ ಹಣ ಹೋಯಿತೆಂದೇ ತಿಳಿಯಿರಿ. ಹಿರಿಯರಿದ್ದಾಗ ಒಂದೇ ಬುಕಿಂಗ್‌ನಲ್ಲಿ ಎರಡೂ ಹಾರಾಟಗಳಿರಲಿ. ಟಿಕೆಟ್ ಮಾಡುವಾಗಲೇ ಅತ್ತೆಯವರಿಗೆ ಗಾಲಿಕುರ್ಚಿಯನ್ನೂ ಸಸ್ಯಾಹಾರವನ್ನೂ ನಮೂದಿಸಿ.

ಗುಬ್ಬಿಗೂಡು

ಮಗಳಿಗೆ ಆಮೆ ಬೇಕೆಂದಿದ್ದೀರಲ್ಲ, ಅದಕ್ಕಾಗಿ ಇಲ್ ಓಜೆಗ್ರೆತ್ ದ್ವೀಪಕ್ಕೆ ಹೋಗಲೇಬೇಕು. ನೀವು ಕೊನೆಯ ಎರಡು ರಾತ್ರಿ ಮಾಯೆಬೂರ್ ಕಡೆ ಇರುವುದಾದರೆ ಅದು ಅಲ್ಲಿಂದ ಕಾಣುವಷ್ಟು ಹತ್ತಿರ. ಮಾರಿಷಿಯನ್ ವೈಲ್ಡ್‌ಲೈಫ್ ಫೌಂಡೇಶನ್ ಎಂಬ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ, ಮಾರ್ಗದರ್ಶಕರ ಜೊತೆಗೆ ಮಾತ್ರ ಪ್ರವೇಶ. ಮನುಷ್ಯರು ಕಾಲಿಡುವ ಮುನ್ನ ಮಾರಿಷಸ್‌ನ ತೀರದ ಕಾಡು ಹೇಗಿತ್ತೆಂಬುದನ್ನು ನೋಡಬಹುದಾದ ಕೊನೆಯ ತುಣುಕು ಅದು. ಅಲ್ಲಿನ ಮೂಲ ಆಮೆಗಳು ಡೋಡೋ ಹಕ್ಕಿಯಂತೆಯೇ ನಿರ್ನಾಮವಾದವು. ಕಾಡಿನ ಬೀಜಗಳನ್ನು ತಿಂದು ಹರಡುತ್ತಿದ್ದುದು ಅವೇ. ಆ ಕೆಲಸ ನಿಂತುಹೋಗಬಾರದೆಂದು ಸೇಶೆಲ್ಸ್‌ನ ಅಲ್ದಾಬ್ರಾ ತಳಿಯ ದೈತ್ಯ ಆಮೆಗಳನ್ನು ತಂದು ಬಿಟ್ಟಿದ್ದಾರೆ. ಕರಿಮರದ ಗಿಡಗಳ ನೆರಳಿನಲ್ಲಿ ಅವು ಕತ್ತನ್ನು ಚಾಚಿ ಎಲೆ ಕೀಳುವ ಸದ್ದು ಹತ್ತಡಿ ದೂರಕ್ಕೆ ಕೇಳಿಸುತ್ತದೆ. ಅದೃಷ್ಟವಿದ್ದರೆ ಗುಲಾಬಿ ಪಾರಿವಾಳವೂ ಕಂಡೀತು. 1990ರ ಹೊತ್ತಿಗೆ ಕಾಡಿನಲ್ಲಿ ಹತ್ತರ ಆಸುಪಾಸಿಗೆ ಇಳಿದಿದ್ದ ಈ ಹಕ್ಕಿ ಇಂದು ನೂರಾರು ಸಂಖ್ಯೆಯಲ್ಲಿದೆ. ಮಾರಿಷಸ್ ಕೆಸ್ಟ್ರೆಲ್ ಎಂಬ ಪುಟ್ಟ ಬೇಟೆಹಕ್ಕಿಯಂತೂ 1974ರಲ್ಲಿ ಕಾಡಿನಲ್ಲಿ ನಾಲ್ಕೇ ಉಳಿದಿತ್ತು.

ದಾರಿ ಸಮತಟ್ಟಾಗಿದ್ದರೂ ಹವಳದ ಕಲ್ಲುಗಳ ಏರುಪೇರು ಇದೆ, ದೋಣಿ ಹತ್ತಿಳಿಯುವುದೂ ಇದೆ. ಅತ್ತೆಯವರು ದಡದಲ್ಲೇ ಉಳಿಯುವುದು ಉತ್ತಮ. ಅವರಿಗಾಗಿ ಪಾಂಪ್ಲೆಮೂಸ್‌ನ ಸಸ್ಯೋದ್ಯಾನವಿದೆ. ಅಗಲವಾದ ಸಮತಟ್ಟು ದಾರಿಗಳು, ದೊಡ್ಡ ಹರಿವಾಣದಂತೆ ಅಂಚು ಮೇಲಕ್ಕೆದ್ದ ತಾವರೆ ಎಲೆಗಳ ಕೊಳ, ಜೀವನದಲ್ಲಿ ಒಂದೇ ಸಲ ಹೂಬಿಟ್ಟು ಒಣಗುವ ತಾಳೆಮರಗಳು. ಅಲ್ಲೂ ಆಮೆಗಳಿವೆ, ಬೇಲಿಯೊಳಗೆ.

ಇನ್ನೊಂದು ವಿನಂತಿ. ಏಜೆನ್ಸಿಗಳು "ಡಾಲ್ಫಿನ್‌ಗಳ ಜೊತೆ ಈಜು" ಎಂದು ತಮಾರಿನ್ ಕೊಲ್ಲಿಗೆ ಬೆಳಗಿನ ಜಾವ ದೋಣಿಗಳನ್ನು ಹೊರಡಿಸುತ್ತವೆ. ದಯವಿಟ್ಟು ಅದನ್ನು ಕೈಬಿಡಿ.

ಪಡುಗಡಲು

ಗುಬ್ಬಿಗೂಡು ಅವರೇ, ಇದು ಸ್ವಲ್ಪ ಅತಿಯಾಯಿತೆಂದು ನನ್ನ ಭಾವನೆ. ಒಂಬತ್ತು ವರ್ಷದ ಮಗುವಿಗೆ ಕಡಲಿನಲ್ಲಿ ಡಾಲ್ಫಿನ್ ತೋರಿಸುವುದರಲ್ಲಿ ತಪ್ಪೇನಿದೆ? ಆ ದೋಣಿಗಳಿಂದಲೇ ಎಷ್ಟೋ ಮೀನುಗಾರ ಕುಟುಂಬಗಳು ಬದುಕುತ್ತಿವೆ. ನಾನೂ ಕರಾವಳಿಯವನೇ, ಮೀನು ಸಿಗದ ದಿನ ಮನೆಯಲ್ಲಿ ಏನಾಗುತ್ತದೆಂದು ಬಲ್ಲೆ.

ಗುಬ್ಬಿಗೂಡು

ತೋರಿಸುವುದಕ್ಕೆ ನನ್ನ ಆಕ್ಷೇಪವಿಲ್ಲ, ನೀರಿಗೆ ಇಳಿಸುವುದಕ್ಕೆ ಇದೆ. ಆ ಕೊಲ್ಲಿಗೆ ಬರುವ ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿಯೆಲ್ಲ ಆಳ ಸಮುದ್ರದಲ್ಲಿ ಬೇಟೆಯಾಡಿ ಬೆಳಗ್ಗೆ ತೀರದ ಆಳವಿಲ್ಲದ ನೀರಿಗೆ ಬರುವುದು ವಿಶ್ರಾಂತಿಗಾಗಿ. ಆ ಹೊತ್ತಿನಲ್ಲೇ ಹಲವು ದೋಣಿಗಳು ಅವನ್ನು ಸುತ್ತುವರಿದು ಮುಂದೆ ಮುಂದೆ ಜನರನ್ನು ಇಳಿಸುತ್ತ ಹೋದರೆ ಅವುಗಳ ನಿದ್ದೆ ಕೆಡುತ್ತದೆ, ಮರಿಗಳಿಗೆ ಹಾಲೂಡುವುದು ತಪ್ಪುತ್ತದೆ. ಮೀನುಗಾರರ ಜೀವನದ ಪ್ರಶ್ನೆ ನಿಜವಾದದ್ದೇ. ಆದರೆ ಅವರಂತಹ ದೋಣಿಯವರೇ ಗಾಜಿನ ತಳದ ದೋಣಿಯಲ್ಲಿ ಬ್ಲೂ ಬೇ ಸಾಗರ ಉದ್ಯಾನದ ಹವಳವನ್ನೂ ತೋರಿಸುತ್ತಾರೆ. ಮಂಡಿನೋವಿನ ಅತ್ತೆಯವರೂ ಕುಳಿತಲ್ಲಿಂದಲೇ ನೋಡಬಹುದು. ಹಣ ಅವರಿಗೇ ಹೋಗುತ್ತದೆ.

ಪಡುಗಡಲು

ವಿಶ್ರಾಂತಿಯ ವಿಷಯ ನನಗೆ ತಿಳಿದಿರಲಿಲ್ಲ. ದೂರದಿಂದ ನೋಡಿ ಬರಲಿ ಎನ್ನುವಲ್ಲಿಗೆ ನನ್ನ ವಾದವನ್ನು ನಿಲ್ಲಿಸುತ್ತೇನೆ. ಸಮುದ್ರದ ಸುರಕ್ಷತೆಯ ಬಗ್ಗೆ ಮಾತ್ರ ನಾಲ್ಕು ಮಾತು ಬರೆಯಲೇಬೇಕು. ದ್ವೀಪದ ಬಹುಪಾಲು ಸುತ್ತ ಹವಳದ ದಿಬ್ಬದ ಗೋಡೆಯಿದೆ, ಅಲೆಗಳು ಅಲ್ಲಿಯೇ ಒಡೆದು ಒಳಗಿನ ನೀರು ಕೆರೆಯಂತೆ ಇರುತ್ತದೆ. ಮಗು ಈಜುವುದು ಈ ಒಳನೀರಿನಲ್ಲಿ, ತೇಲುಬುರುಡೆಗಳಿಂದ ಗುರುತಿಸಿದ ಗಡಿಯೊಳಗೆ ಮಾತ್ರ. ದಿಬ್ಬದ ನಡುವೆ ದೋಣಿಗಳು ಹೊರಹೋಗುವ ಕಂಡಿಗಳಿರುತ್ತವೆ. ಉಬ್ಬರ ಇಳಿಯುವಾಗ ಅಲ್ಲಿನ ಸೆಳೆತ ಬಲವಾದ ಈಜುಗಾರನನ್ನೂ ಎಳೆದೊಯ್ಯುತ್ತದೆ. ದಕ್ಷಿಣದ ಸೂಯಾಕ್ ಬಳಿಯ ಗ್ರಿ ಗ್ರಿ ಎಂಬಲ್ಲಿ ಈ ದಿಬ್ಬವೇ ಇಲ್ಲ, ತೆರೆದ ಸಮುದ್ರ ಕಪ್ಪು ಬಂಡೆಗಳಿಗೆ ನೇರವಾಗಿ ಅಪ್ಪಳಿಸುತ್ತದೆ. ನೋಡಲು ಭವ್ಯ, ಆದರೆ ಪಾದ ತೊಳೆಯುವುದಕ್ಕೂ ಇಳಿಯಬೇಡಿ.

ಎಲ್ಲರೂ ದಪ್ಪ ತಳದ ನೀರಿನ ಚಪ್ಪಲಿ ಕೊಂಡೊಯ್ಯಿರಿ. ಹವಳದ ಚೂರುಗಳು, ಚೆಂಡಿನಂತಿರುವ ಮುಳ್ಳಿನ ಕಡಲಜೀವಿಗಳು (ಸೀ ಅರ್ಚಿನ್) ಎಲ್ಲ ಕಡೆ ಇವೆ. ಕಲ್ಲಿನಂತೆಯೇ ಕಾಣುವ ಸ್ಟೋನ್‌ಫಿಶ್ ಎಂಬ ವಿಷದ ಮೀನು ಅಪರೂಪವಾದರೂ ಇದೆ. ಅದನ್ನು ತುಳಿದರೆ ಗಾಯವನ್ನು ತಾಳಬಹುದಾದಷ್ಟು ಬಿಸಿಯ ನೀರಿನಲ್ಲಿ ಮುಳುಗಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಲ ಮೋರ್ನ್ ಬೆಟ್ಟದ ಬಳಿಯ "ಸಮುದ್ರದೊಳಗಿನ ಜಲಪಾತ"ವನ್ನು ದೋಣಿಯಲ್ಲಿ ತೋರಿಸುತ್ತೇವೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಅದು ದಿಬ್ಬದ ಅಂಚಿನಿಂದ ಆಳಕ್ಕೆ ಇಳಿಯುವ ಮರಳು ಮತ್ತು ಹೂಳು ಉಂಟುಮಾಡುವ ದೃಷ್ಟಿಭ್ರಮೆ. ಆಕಾಶದಿಂದ ಮಾತ್ರ ಹಾಗೆ ಕಾಣುತ್ತದೆ.

ಪ್ರದಕ್ಷಿಣೆ

ಮಾವನವರ ಗಂಗಾ ತಲಾಬ್ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಸ್ಥಳೀಯರ ಬಾಯಲ್ಲಿ ಗ್ರಾಂ ಬಾಸೆಂ. ಹಳೆಯ ಜ್ವಾಲಾಮುಖಿಯ ಬಾಯಿಯಲ್ಲಿ ನಿಂತ ಕೆರೆ ಅದು. 1972ರಲ್ಲಿ ಗಂಗಾಜಲವನ್ನು ತಂದು ಇದಕ್ಕೆ ಸೇರಿಸಿದರು. ದಾರಿಯ ಬದಿಯಲ್ಲಿ 108 ಅಡಿ ಎತ್ತರದ ಮಂಗಲ ಮಹಾದೇವನ ಪ್ರತಿಮೆ, ಎದುರಿಗೆ ದುರ್ಗೆಯ ಪ್ರತಿಮೆ. ಮುರುಡೇಶ್ವರವನ್ನು ನೋಡಿದ ನಮಗೆ ಎತ್ತರದಿಂದ ಬೆರಗಾಗದಿರಬಹುದು; ಆದರೆ ಕೆರೆಯ ಅಂಚಿನ ಪುಟ್ಟ ಗುಡಿಗಳ ಸಾಲು, ನೀರಿನ ಮೇಲೆ ಇಳಿಯುವ ಮಂಜು, ಭೋಜಪುರಿ ಉಚ್ಚಾರದಲ್ಲಿ ಪುರೋಹಿತರು ಹೇಳುವ ಮಂತ್ರ, ಇವುಗಳ ಮುಂದೆ ಮಾವನವರು ಬಹಳ ಹೊತ್ತು ಕೂರುತ್ತಾರೆ. ಎತ್ತರದ ಜಾಗವಾದ್ದರಿಂದ ತೀರದಲ್ಲಿ ಬಿಸಿಲಿದ್ದರೂ ಅಲ್ಲಿ ತುಂತುರು ಮತ್ತು ಚಳಿ. ಸ್ವೆಟರ್ ಮತ್ತು ಕೊಡೆ ಇರಲಿ. ಕೋತಿಗಳು ಕೈಯಲ್ಲಿನ ಬಾಳೆಹಣ್ಣಿಗೆ ಕೈ ಹಾಕುತ್ತವೆ. ಶಿವರಾತ್ರಿಗೆ ಲಕ್ಷಾಂತರ ಜನ ಕಾವಡಿ ಹೊತ್ತು ದ್ವೀಪದ ಮೂಲೆಮೂಲೆಯಿಂದ ನಡೆದು ಬರುತ್ತಾರೆ. ಆ ದೃಶ್ಯಕ್ಕೆ ಸಾಟಿಯಿಲ್ಲ, ಆದರೆ ಮಂಡಿನೋವಿನವರ ಜೊತೆ ಆ ಜನಸಾಗರಕ್ಕೆ ಹೋಗುವುದನ್ನು ನಾನು ಸೂಚಿಸುವುದಿಲ್ಲ.

ಇದರ ಜೊತೆಗೆ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್‌ಗೆ ಒಂದು ಬೆಳಗ್ಗೆಯನ್ನು ಮೀಸಲಿಡಿ ಎಂದು ಒತ್ತಿ ಹೇಳುತ್ತೇನೆ. ಪ್ಯಾಕೇಜ್‌ಗಳಲ್ಲಿ ಅದರ ಹೆಸರೇ ಇರುವುದಿಲ್ಲ. 1834ರ ನವೆಂಬರ್ 2ರಂದು ಅಟ್ಲಾಸ್ ಎಂಬ ಹಡಗಿನಲ್ಲಿ ಕರಾರಿನ ಭಾರತೀಯ ಕೂಲಿಗಳ ಮೊದಲ ಗುಂಪು ಮಾರಿಷಸ್‌ಗೆ ಬಂದಿಳಿಯಿತು. ಗುಲಾಮಗಿರಿ ರದ್ದಾಗುವ ಹೊತ್ತಿಗೆ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾಗಿದ್ದರು. ಮುಂದಿನ ದಶಕಗಳಲ್ಲಿ ಕಲ್ಕತ್ತ, ಮದರಾಸು, ಮುಂಬೈ ಬಂದರುಗಳಿಂದ ಕರಾರಿನ ಮೇಲೆ ಬಂದ ನಾಲ್ಕು ಲಕ್ಷಕ್ಕೂ ಹೆಚ್ಚು ಕೂಲಿಗಳು ಈ ದ್ವೀಪಕ್ಕೆ ಕಾಲಿಟ್ಟರು. ಹಡಗಿನಿಂದ ಇಳಿದವರು ಹತ್ತಿದ ಹದಿನಾರು ಕಲ್ಲಿನ ಮೆಟ್ಟಿಲುಗಳು ಹಾಗೆಯೇ ಉಳಿದಿವೆ, ಮಧ್ಯದಲ್ಲಿ ಸವೆದು ನುಣುಪಾಗಿವೆ. 2006ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಕ್ಕದ ವಸ್ತುಪ್ರದರ್ಶನದಲ್ಲಿ ಕೂಲಿಗಳ ಭಾವಚಿತ್ರ, ಅವರಿಗೆ ಕೊಟ್ಟ ಸಂಖ್ಯೆ, ಊರಿನ ಹೆಸರು ಬರೆದ ದಾಖಲೆಗಳಿವೆ. ಇದನ್ನು ನೋಡಿದ ಮೇಲೆ ಗಂಗಾ ತಲಾಬ್ ನೋಡಿದರೆ ಆ ಕೆರೆಯನ್ನು ಅವರು ಗಂಗೆಯೆಂದು ಏಕೆ ಕರೆದರೆಂಬುದು ತಾನಾಗಿ ತಿಳಿಯುತ್ತದೆ. ಆದ್ದರಿಂದ ಈ ಕ್ರಮದಲ್ಲೇ ಹೋಗಿ. ವಾರದ ದಿನ ಬೆಳಗ್ಗೆ ಹೋಗುವುದು ಸರಿ, ಏಕೆಂದರೆ ಭಾನುವಾರ ಪೋರ್ಟ್ ಲೂಯಿಯಲ್ಲಿ ಬಹುತೇಕ ಬಾಗಿಲುಗಳು ಮುಚ್ಚಿರುತ್ತವೆ.

ಬೇಸಿಗೆ ರಜೆಯಲ್ಲಿ ಹೋಗುವ ಇತರರಿಗೆ ಒಂದು ಸೂಚನೆ: ಅಲ್ಲಿನ ತೆಲುಗು ಸಮುದಾಯದಿಂದಾಗಿ ಯುಗಾದಿ ಅಲ್ಲಿ ರಾಷ್ಟ್ರೀಯ ರಜಾದಿನ.

ಎರಡು ದ್ವೀಪ

ಇಷ್ಟು ದೂರ ಹೋದ ಮೇಲೆ ಸೇಶೆಲ್ಸ್ ಅಥವಾ ರೋಡ್ರಿಗ್ಸ್ ದ್ವೀಪವನ್ನೂ ಸೇರಿಸಿಕೊಳ್ಳಬಾರದೇಕೆ?

ಎಬೆನ್ ನಿವಾಸಿ

ಆರು ರಾತ್ರಿಗಳಲ್ಲಿ ಬೇಡ. ರೋಡ್ರಿಗ್ಸ್ ಪೂರ್ವಕ್ಕೆ ಸುಮಾರು 560 ಕಿಲೋಮೀಟರ್ ದೂರದಲ್ಲಿದೆ. ಅದರ ನಿಧಾನಗತಿಯೇ ಅದರ ಸೊಗಸು. ಒಂದು ರಾತ್ರಿಗೆ ಓಡಿಹೋಗಿ ಬಂದರೆ ವಿಮಾನ ನಿಲ್ದಾಣಗಳನ್ನಷ್ಟೇ ನೋಡಿದಂತಾಗುತ್ತದೆ. ಸೇಶೆಲ್ಸ್ ಬೇರೆಯೇ ಪ್ರವಾಸ, ಖರ್ಚೂ ಇದಕ್ಕಿಂತ ಬಹಳ ಹೆಚ್ಚು.

ದಾಖಲೆ ಮತ್ತು ಕಸ್ಟಮ್ಸ್ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಭಾರತೀಯರು ಪ್ರವಾಸಕ್ಕಾಗಿ ಮೊದಲೇ ವೀಸಾ ಪಡೆಯಬೇಕಾಗಿಲ್ಲ. ಮರುಪ್ರಯಾಣದ ಟಿಕೆಟ್, ತಂಗುವ ಜಾಗದ ಬುಕಿಂಗ್, ಖರ್ಚಿಗೆ ಹಣವಿರುವ ಪುರಾವೆ ಕೈಯಲ್ಲಿರಬೇಕು. ಹೊರಡುವ ಮುಂಚೆ ಮಾರಿಷಸ್ ಸರ್ಕಾರದ ಪ್ರಯಾಣ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಎಲ್ಲ ಐವರಿಗೂ ತುಂಬಿ ಕ್ಯೂಆರ್ ಕೋಡ್ ಮುದ್ರಿಸಿಟ್ಟುಕೊಳ್ಳಿ. ಹಸಿ ಹಣ್ಣು, ಸೊಪ್ಪು, ಬೀಜ, ಗಿಡ ತರುವಂತಿಲ್ಲ. ಅತ್ತೆಯವರು ಚೀಲದಲ್ಲಿ ತುಳಸಿ ಸಸಿಯನ್ನೋ ವೀಳ್ಯದೆಲೆಯನ್ನೋ ಸೇರಿಸಿದ್ದಾರೆಯೇ ಎಂದು ಒಮ್ಮೆ ನೋಡಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿಯಂತಹ ಮುಚ್ಚಿದ ಪೊಟ್ಟಣಗಳಿದ್ದರೆ ಕೇಳಿದಾಗ ತೋರಿಸಿ. ಮಾವನವರ ಔಷಧಿಗಳಿಗೆ ವೈದ್ಯರ ಚೀಟಿ ಇಂಗ್ಲಿಷಿನಲ್ಲಿರಲಿ. ನಿದ್ದೆಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧಿ ಇಂಥವುಗಳ ಬಗ್ಗೆ ಇಲ್ಲಿನ ಕಾನೂನು ಕಠಿಣ, ಅವು ಅನಿವಾರ್ಯವಾದರೆ ಮೊದಲೇ ಅನುಮತಿಯ ವಿಚಾರ ತಿಳಿದುಕೊಳ್ಳಿ. ನಮ್ಮ ಪ್ಲಗ್ಗುಗಳು ಇಲ್ಲಿನ ಚೌಕಾಕಾರದ ಮೂರು ರಂಧ್ರಗಳಿಗೆ ಹೊಂದುವುದಿಲ್ಲ, ಅಡಾಪ್ಟರ್ ಬೇಕು. ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ.

ಕುಕ್ಕರಹಳ್ಳಿ ದಂಡೆ

ನಿಮ್ಮೆಲ್ಲರ ಸಲಹೆಯನ್ನು ಮುಂದಿಟ್ಟುಕೊಂಡು ನಿನ್ನೆ ರಾತ್ರಿ ಊಟದ ಮೇಜಿನಲ್ಲಿ ಯೋಜನೆ ಸಿದ್ಧವಾಯಿತು. ಅಕ್ಟೋಬರ್ ತಿಂಗಳು ನಿಶ್ಚಯ. ಅತ್ತೆಯವರ ಗೊಂಬೆ ಕೂರಿಸುವ ಕೆಲಸವನ್ನು ಈ ವರ್ಷ ನಾದಿನಿ ವಹಿಸಿಕೊಂಡಿದ್ದಾಳೆ. ಮೊದಲ ನಾಲ್ಕು ರಾತ್ರಿ ತ್ರೂ ಓ ಬಿಶ್‌ನಲ್ಲಿ ನೆಲಮಹಡಿಯ ಅಪಾರ್ಟ್‌ಮೆಂಟ್. ಅಲ್ಲಿಂದ ಪಾಂಪ್ಲೆಮೂಸ್ ಹತ್ತಿರವಿದೆ, ಆಪ್ರವಾಸಿ ಘಾಟ್‌ಗೂ ಹೋಗಿಬರಬಹುದು. ಐದನೆಯ ದಿನ ವ್ಯಾನ್‌ನಲ್ಲಿ ಗಂಗಾ ತಲಾಬ್ ಮತ್ತು ಶಾಮಾರೆಲ್‌ನ ಏಳು ಬಣ್ಣದ ಮಣ್ಣು ನೋಡಿಕೊಂಡು ಹಾಗೆಯೇ ಬ್ಲೂ ಬೇಗೆ ಇಳಿಯುವುದು. ಕೊನೆಯ ದಿನ ಮಗಳು ಮತ್ತು ಯಜಮಾನರು ಆಮೆಗಳ ದ್ವೀಪಕ್ಕೆ, ನಾವು ಮೂವರು ಗಾಜಿನ ತಳದ ದೋಣಿಗೆ. ಇಲ್ ಓ ಸೆರ್ಫ್ ಬಿಟ್ಟೆವು. ಕಾರು ಬಾಡಿಗೆ ಬೇಡವೆಂದು ಯಜಮಾನರು ಒಪ್ಪಿದ್ದಾರೆ, ಮುಖ ಮಾತ್ರ ಸಪ್ಪಗಿದೆ.

ಅಪಾರ್ಟ್‌ಮೆಂಟ್ ಮಾಲೀಕರಿಗೆ ಮುಂಗಡ ಕಳುಹಿಸುವ ಮುನ್ನ ಏನಾದರೂ ಕೇಳಬೇಕೇ?

ಎಬೆನ್ ನಿವಾಸಿ

ಮೂರು ವಿಷಯ ಕೇಳಿ. ಒಂದು, ಛಾವಣಿಯ ಮೇಲೆ ನೀರಿನ ಟ್ಯಾಂಕ್ ಇದೆಯೇ? ಅಕ್ಟೋಬರ್–ನವೆಂಬರ್ ಹೊತ್ತಿಗೆ ಜಲಾಶಯಗಳು ತಗ್ಗಿ ಹಲವು ಬಡಾವಣೆಗಳಿಗೆ ನಲ್ಲಿಯಲ್ಲಿ ಕೆಲವು ಗಂಟೆ ಮಾತ್ರ ನೀರು ಬಿಡುತ್ತಾರೆ. ಎರಡು, ಮನೆಯಿಂದ ಮರಳಿನವರೆಗೆ ಮಧ್ಯೆ ಮುಖ್ಯ ರಸ್ತೆ ದಾಟಬೇಕೇ? "ಸಮುದ್ರಕ್ಕೆ ಎರಡು ನಿಮಿಷ" ಎನ್ನುವ ಜಾಹೀರಾತುಗಳಲ್ಲಿ ಆ ರಸ್ತೆಯ ಮಾತು ಇರುವುದಿಲ್ಲ, ಅದರ ಮೇಲೆ ಬಸ್ಸುಗಳು ಜೋರಾಗಿ ಓಡುತ್ತವೆ. ಮೂರು, ಹಾಸಿಗೆಗಳು ಐವರಿಗೂ ನೆಲಮಹಡಿಯಲ್ಲೇ ಇವೆಯೇ? ಇಲ್ಲಿ ನೆಲಮಹಡಿಯ ಮನೆಯೆಂದು ಬಾಡಿಗೆಗೆ ಕೊಡುವ ಕೆಲವದರಲ್ಲಿ ಮಲಗುವ ಕೋಣೆಗಳು ಒಳಗಿನ ಮೆಟ್ಟಿಲಿನ ಮೇಲಿರುತ್ತವೆ. ಉತ್ತರ ಬಂದ ಮೇಲೆ ಮುಂಗಡ ಕಳುಹಿಸಿ.